ದಾದರ್ ಬಂದರೂ ಮುಗಿಯದ ಆಟ

1994ರಲ್ಲಿ ಕೇಂದ್ರ ಸರ್ಕಾರದ ನೌಕರಿ ಹಿಡಿದು ನಾನು ಮುಂಬಯಿಗೆ ಬಂದಾಗ ಈ ನಗರ ಕಲಿಸಿದ ಮೊದಲ ಪಾಠಗಳಲ್ಲಿ ಒಂದು, ಡೊಂಬಿವಲಿಯಿಂದ ವಿ.ಟಿ.ಗೆ ಹೋಗುವ ಬೆಳಗಿನ ಫಾಸ್ಟ್ ಲೋಕಲಿನಲ್ಲಿ ಸಿಕ್ಕಿತು. ಕಿಟಕಿಯ ಬದಿಯ ಬೆಂಚುಗಳಲ್ಲಿ ಎದುರುಬದುರಾಗಿ ಕುಳಿತ ನಾಲ್ವರು ಮೊಣಕಾಲ ಮೇಲೆ ಬ್ರೀಫ್‌ಕೇಸನ್ನು ಅಡ್ಡವಿಟ್ಟು, ಅದರ ಮೇಲೆ ಹಿಂದಿನ ದಿನದ ಮರಾಠಿ ಪತ್ರಿಕೆಯನ್ನು ಹಾಸಿ ರಮ್ಮಿ ಆಡುತ್ತಿದ್ದರು. ಒಬ್ಬರು ಬ್ಯಾಂಕಿನವರು, ಒಬ್ಬರು ಯಾವುದೋ ಗಿರಣಿಯ ಲೆಕ್ಕಿಗರು, ಉಳಿದಿಬ್ಬರ ಉದ್ಯೋಗ ನನಗೆ ಕೊನೆಯವರೆಗೂ ತಿಳಿಯಲಿಲ್ಲ. ಠಾಣೆಯಲ್ಲಿ ಎಲೆ ಹಂಚಿದರೆ ದಾದರಿನೊಳಗೆ ಆಟ ಮುಗಿಯಬೇಕು. ಕೈಯಲ್ಲಿ ಎಷ್ಟೇ ಒಳ್ಳೆಯ ಎಲೆಗಳಿದ್ದರೂ, ಒಂದೇ ಒಂದು ಎಲೆಗಾಗಿ ಕಾದು ಕುಳಿತಿದ್ದರೂ, ಗಾಡಿ ಮಾಟುಂಗಾ ದಾಟಿತೆಂದರೆ ಇಸ್ಪೀಟು ಪೆಟ್ಟಿಗೆ ಸೇರುತ್ತಿತ್ತು. ಇಬ್ಬರು ಇಳಿಯುವವರು, ಇಬ್ಬರು ಮುಂದೆ ಹೋಗುವವರು. ಗೆಲ್ಲಲಿದ್ದವನು ಒಮ್ಮೆ ನಿಟ್ಟುಸಿರುಬಿಟ್ಟು ಪತ್ರಿಕೆ ಮಡಚುತ್ತಿದ್ದ. ಅಷ್ಟೇ.

ಇಂದು ಅದೇ ಗಾಡಿಯಲ್ಲಿ ಬ್ರೀಫ್‌ಕೇಸುಗಳಿಲ್ಲ. ನಾಲ್ವರ ಬದಲು ನಲವತ್ತು ಮಂದಿ, ತಂತಮ್ಮ ಅಂಗೈಯೊಳಗೆ ತಲೆ ತಗ್ಗಿಸಿ ಆಡುತ್ತಿರುತ್ತಾರೆ. ಕಳೆದ ಮಳೆಗಾಲದಲ್ಲಿ ನನ್ನ ಪಕ್ಕದಲ್ಲಿದ್ದ ತರುಣನೊಬ್ಬ ಆಡುತ್ತಾ ಆಡುತ್ತಾ ದಾದರನ್ನೂ ದಾಟಿ, ಭಾಯಖಳಾದಲ್ಲಿ ತಲೆಯೆತ್ತಿ, ಕ್ಷಣಕಾಲ ದಿಕ್ಕುಗೆಟ್ಟವನಂತೆ ನೋಡಿ, ಮತ್ತೆ ತಲೆ ತಗ್ಗಿಸಿದ. ಇಳಿಯಬೇಕಾದ ನಿಲ್ದಾಣ ತಪ್ಪಿದ್ದು ಅವನಿಗೆ ದೊಡ್ಡ ಸಂಗತಿಯಾಗಿರಲಿಲ್ಲ. ಈ ತರುಣನನ್ನು ನಾನು ದೂಷಿಸಲಾರೆ. ಅವನ ಎದುರು ಕುಳಿತಿರುವವನು ಬ್ಯಾಂಕಿನ ಗುಮಾಸ್ತನಲ್ಲ. ಅವನು ಯಾವಾಗ ಬೇಸರಗೊಳ್ಳುತ್ತಾನೆ, ಯಾವಾಗ ಏಳುತ್ತಾನೆ, ಏಳುವ ಮುನ್ನ ಯಾವ ಆಮಿಷವನ್ನು ತೋರಿದರೆ ಮತ್ತೆ ಕುಳಿತುಕೊಳ್ಳುತ್ತಾನೆ ಎಂಬುದನ್ನು ಲಕ್ಷಾಂತರ ಜನರ ನಡವಳಿಕೆಯಿಂದ ಲೆಕ್ಕ ಹಾಕಿಟ್ಟಿರುವ ಒಂದು ಉದ್ಯಮ.

ಈ ಉದ್ಯಮವೇ ಈಗ ನಮ್ಮ ಮಕ್ಕಳಿಗೆ ಆತ್ಮಸಂಯಮವನ್ನು ಕಲಿಸಲು ಹೊರಟಿದೆ. ನನ್ನ ತಕರಾರು ಇರುವುದು ಇಲ್ಲಿ.

ಸಂದರ್ಭವನ್ನು ಸ್ವಲ್ಪ ವಿವರಿಸಬೇಕು. 2025ರ ಮೇ ತಿಂಗಳ ಮೊದಲ ನಾಲ್ಕು ದಿನ ಬಾಂದ್ರಾ-ಕುರ್ಲಾ ಸಂಕೀರ್ಣದಲ್ಲಿ ‘ವೇವ್ಸ್’ ಎಂಬ ದೃಶ್ಯಶ್ರವ್ಯ ಮನರಂಜನಾ ಶೃಂಗಸಭೆ ನಡೆಯಿತು. ಅದೇ ವರ್ಷದ ಜುಲೈಯಲ್ಲಿ ಪೆಡ್ಡರ್ ರಸ್ತೆಯ ಎನ್‌ಎಫ್‌ಡಿಸಿ ಆವರಣದಲ್ಲಿ ಭಾರತೀಯ ಸೃಜನಶೀಲ ತಂತ್ರಜ್ಞಾನ ಸಂಸ್ಥೆಯ ಉದ್ಘಾಟನೆಯಾಯಿತು. ಆನಿಮೇಷನ್, ದೃಶ್ಯಪರಿಣಾಮಗಳ ಜೊತೆಗೆ ವಿಡಿಯೋ ಆಟಗಳ ರಚನೆಯೂ ಅಲ್ಲಿ ಶಾಸ್ತ್ರೋಕ್ತ ವಿದ್ಯೆ. ನಮ್ಮ ಕರ್ನಾಟಕವೇನೂ ಹಿಂದುಳಿದಿಲ್ಲ. ಈ ಕ್ಷೇತ್ರಕ್ಕೆಂದೇ ಒಂದು ನೀತಿಯನ್ನು ದೇಶದಲ್ಲಿ ಮೊದಲು ರೂಪಿಸಿದ್ದು ಅದೇ, 2012ರಲ್ಲಿ. ಇವೆಲ್ಲ ಸ್ವಾಗತಾರ್ಹ. ಆದರೆ ಇಂಥ ವಿದ್ಯೆಗೆ ಸಮಾಜದ ಒಪ್ಪಿಗೆ ಬೇಕಾದಾಗಲೆಲ್ಲ ಒಂದು ವಾದ ಕೇಳಿಬರುತ್ತದೆ: ಆಟಗಳು ಮಕ್ಕಳನ್ನು ಕೆಡಿಸುತ್ತವೆ ಎನ್ನುವಿರಲ್ಲ, ಅವಧಾನವನ್ನೂ ನಿಗ್ರಹವನ್ನೂ ಬೆಳೆಸುವ ಆಟಗಳನ್ನೇ ನಾವು ಕಟ್ಟಿಕೊಡುತ್ತೇವೆ. ನಂಜಿಗೆ ನಂಜೇ ಮದ್ದು ಎಂಬ ಈ ವಾದ ಕೇಳಲು ಸೊಗಸಾಗಿದೆ.

ವಿಡಿಯೋ ಆಟವೆಂದರೆ ಮಾರಿ ಎನ್ನುವ ನಮ್ಮ ಹಿರಿಯರ ಪಂಥದವನು ನಾನಲ್ಲ. ಧಾರವಾಡದಲ್ಲಿ ಮನಃಶಾಸ್ತ್ರದ ಎಂ.ಎ. ಓದುವಾಗ ಪ್ರಯೋಗಾಲಯದಲ್ಲಿ ಮೊದಲು ಮಾಡಿದ ಪ್ರಯೋಗಗಳಲ್ಲಿ ಸ್ಟ್ರೂಪ್ ಎಂಬಾತ 1935ರಲ್ಲಿ ಪ್ರಕಟಿಸಿದ ಪರೀಕ್ಷೆಯೂ ಒಂದು. ‘ಕೆಂಪು’ ಎಂಬ ಶಬ್ದವನ್ನು ಹಸಿರು ಮಸಿಯಲ್ಲಿ ಬರೆದಿರುತ್ತಾರೆ. ಶಬ್ದವನ್ನು ಓದದೆ ಮಸಿಯ ಬಣ್ಣವನ್ನಷ್ಟೇ ಹೇಳಬೇಕು. ನಾಲಿಗೆಯ ತುದಿಗೆ ಬಂದ ‘ಕೆಂಪು’ವನ್ನು ತಡೆದು ‘ಹಸಿರು’ ಎನ್ನಲು ಮನಸ್ಸಿಗೆ ಹಿಡಿಯುವ ಆ ಕ್ಷಣಾರ್ಧದ ತೊದಲೇ ನಿಗ್ರಹದ ಅಳತೆ. ಅದೂ ಒಂದು ಆಟವೇ. ಇಂದಿನ ಸಂಯಮದ ಆಟಗಳ ಹೊಟ್ಟೆಯೊಳಗೆ ಇರುವುದು ಇಂಥದೇ ನಾಲ್ಕಾರು ಹಳೆಯ ಪರೀಕ್ಷೆಗಳು. ಹಸಿರು ಮೀನು ಬಂದರೆ ಒತ್ತು, ಕೆಂಪು ಮೀನು ಬಂದರೆ ಒತ್ತಬೇಡ. ಅದಕ್ಕೆ ಸಮುದ್ರ, ಸಂಗೀತ, ನಾಣ್ಯಗಳ ಮಳೆ ಸೇರಿಸಿದ್ದಾರೆ.

ಹಸಿರು ಮೀನು-ಕೆಂಪು ಮೀನಿನ ಆಟವನ್ನು ನಾನು ಕಂಡದ್ದು ಡೊಂಬಿವಲಿಯ ನನ್ನ ತಂಗಿಯ ಮನೆಯಲ್ಲಿ. ಅವಳ ಮಗನಿಗೆ ಹನ್ನೊಂದು ವರ್ಷ. ಒಂದೆಡೆ ಕುಳಿತುಕೊಳ್ಳುವ ಹುಡುಗನಲ್ಲ. ಏಕಾಗ್ರತೆಯ ತರಬೇತಿ ಕೊಡುವುದಾಗಿ ಹೇಳಿಕೊಳ್ಳುವ ಒಂದು ಕೇಂದ್ರದವರು ವರ್ಷದ ಶುಲ್ಕವನ್ನು ಒಂದೇ ಕಂತಿನಲ್ಲಿ ಪಡೆದು ಆ ಆಟವನ್ನು ಹುಡುಗನ ಟ್ಯಾಬ್ಲೆಟ್ಟಿಗೆ ಹಾಕಿಕೊಟ್ಟರು. ಮೂರು ತಿಂಗಳಲ್ಲಿ ಹುಡುಗ ನಲವತ್ತನೆಯ ಮಜಲಿಗೆ ಏರಿದ. ಅವನ ‘ನಿಗ್ರಹಾಂಕ’ ಎಷ್ಟು ಹೆಚ್ಚಿದೆಯೆಂದು ತೋರಿಸುವ ಬಣ್ಣದ ಪ್ರಮಾಣಪತ್ರವೂ ಬಂತು. ಪ್ರಮಾಣಪತ್ರ ಬಂದ ವಾರವೇ ಒಂದು ಸಂಜೆ, ಟ್ಯಾಬ್ಲೆಟ್ ಇಟ್ಟು ಊಟಕ್ಕೆ ಬಾ ಎಂದು ತಂಗಿ ಮೂರು ಸಲ ಕರೆದು ನಾಲ್ಕನೆಯ ಸಲ ಕೈಯಿಂದ ಕಿತ್ತುಕೊಂಡಾಗ, ಹುಡುಗ ಅನ್ನದ ತಟ್ಟೆಯನ್ನು ಗೋಡೆಗೆ ಎಸೆದ. ಮರುದಿನ ಟ್ಯಾಬ್ಲೆಟ್ಟನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದಳು. ಅಂದು ರಾತ್ರಿ ತಂಗಿಯ ಮೊಬೈಲಿಗೇ ಸಂದೇಶ: ನಿಮ್ಮ ಮಗ ಇಂದು ಆಡಲಿಲ್ಲ, ಅರವತ್ತೆಂಟು ದಿನಗಳ ಅವನ ಸರಪಳಿ ಕಡಿದುಹೋಗಲಿದೆ. ಸಂಯಮ ಕಲಿಸಲು ಬಂದ ಗುರು, ಶಿಷ್ಯ ಒಂದು ದಿನ ಆಡದೆ ಉಳಿದನೆಂದು ಗಾಬರಿಗೊಂಡಿದ್ದ!

ಒಂದು ಮನೆಯ ಕಥೆಯಿಂದ ಸಿದ್ಧಾಂತ ಹುಟ್ಟುವುದಿಲ್ಲ, ಒಪ್ಪುತ್ತೇನೆ. ವಿಜ್ಞಾನ ಏನು ಹೇಳುತ್ತದೆಂದು ನೋಡೋಣ. ಒಂದೆಡೆ ಕಲಿತದ್ದು ಇನ್ನೊಂದೆಡೆಗೆ ಸಾಗುವುದಕ್ಕೆ ಮನಃಶಾಸ್ತ್ರದಲ್ಲಿ ‘ವರ್ಗಾವಣೆ’ ಎನ್ನುತ್ತಾರೆ. ಸರ್ಕಾರಿ ನೌಕರನಾದ ನನಗೆ ಈ ಶಬ್ದದ ಪರಿಚಯ ಚೆನ್ನಾಗಿಯೇ ಇದೆ; ಆದೇಶ ಬಂದಷ್ಟು ಸುಲಭವಾಗಿ ಮನುಷ್ಯ ವರ್ಗವಾಗುವುದಿಲ್ಲ ಎಂಬುದೂ ಗೊತ್ತಿದೆ. 2010ರಲ್ಲಿ ಬ್ರಿಟನ್ನಿನ ಏಡ್ರಿಯನ್ ಓವೆನ್ ಮತ್ತು ಸಂಗಡಿಗರು ಬಿಬಿಸಿಯ ನೆರವಿನಿಂದ 11,430 ಮಂದಿಯನ್ನು ಆರು ವಾರ ಇಂಥ ಮೆದುಳಿನ ಕಸರತ್ತುಗಳಲ್ಲಿ ತೊಡಗಿಸಿ ನೋಡಿದರು. ಆಡಿದ ಆಟದಲ್ಲಿ ಎಲ್ಲರೂ ಪಳಗಿದರು. ಆಡದ, ಆದರೆ ಅದಕ್ಕೆ ತೀರ ಸಮೀಪದ ಪರೀಕ್ಷೆಗಳಲ್ಲೂ ಆ ಪಳಗುವಿಕೆ ಕಾಣಿಸಲಿಲ್ಲ. 2016ರಲ್ಲಿ ಅಮೆರಿಕದ ವಾಣಿಜ್ಯ ಆಯೋಗವು ‘ಲ್ಯುಮಾಸಿಟಿ’ ಎಂಬ ಪ್ರಸಿದ್ಧ ಮೆದುಳು-ತರಬೇತಿ ಆಟದ ಕಂಪೆನಿಯ ಜಾಹೀರಾತುಗಳು ಜನರನ್ನು ದಾರಿ ತಪ್ಪಿಸುವಂಥವೆಂದು ಆರೋಪಿಸಿತು. ಕಂಪೆನಿ 20 ಲಕ್ಷ ಡಾಲರು ತೆತ್ತು ರಾಜಿ ಮಾಡಿಕೊಂಡಿತು.

ಎದುರು ಪಕ್ಷದ ಅತ್ಯುತ್ತಮ ಸಾಕ್ಷಿಯನ್ನೂ ಕರೆಯಬೇಕು. ಸ್ಯಾನ್‌ಫ್ರಾನ್ಸಿಸ್ಕೋದ ಆಡಂ ಗಜ್ಜಾಲಿಯವರ ತಂಡ 2013ರಲ್ಲಿ ‘ನ್ಯೂರೋರೇಸರ್’ ಎಂಬ ಕಾರು ಓಡಿಸುವ ಆಟವೊಂದನ್ನು 60 ದಾಟಿದವರಿಗೆ ಆಡಿಸಿ, ಅವರ ಅವಧಾನಶಕ್ತಿ ಸುಧಾರಿಸಿದ್ದನ್ನು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿತು. ಅದೇ ಸಂಶೋಧನೆಯ ಬೇರಿನಿಂದ ಹುಟ್ಟಿದ ‘ಎಂಡೆವರ್ ಆರ್‌ಎಕ್ಸ್’ ಎಂಬ ಆಟಕ್ಕೆ 2020ರ ಜೂನ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಮಂಡಳಿ ಅನುಮತಿಯನ್ನೇ ಕೊಟ್ಟಿತು. ಅವಧಾನದ ಕೊರತೆಯಿರುವ 8ರಿಂದ 12 ವಯಸ್ಸಿನ ಮಕ್ಕಳಿಗೆ ವೈದ್ಯರು ಬರೆದುಕೊಡಬಹುದಾದ ಮೊದಲ ವಿಡಿಯೋ ಆಟ ಅದು. ಇದನ್ನು ಲಘುವಾಗಿ ತಳ್ಳಿಹಾಕಲಾಗದು. ಆದರೆ ಆ ಅನುಮತಿಯ ಒಕ್ಕಣೆಯಲ್ಲಿ ಒಂದು ಮಾತಿದೆ: ಗಣಕಯಂತ್ರದ ಮೇಲೆ ಅಳೆದ ಅವಧಾನ ಸುಧಾರಿಸುತ್ತದೆ, ಚಡಪಡಿಕೆಯಂಥ ನಿತ್ಯದ ನಡವಳಿಕೆಯ ಲಕ್ಷಣಗಳಲ್ಲಿ ಪ್ರಯೋಜನ ಕಾಣದೆಯೂ ಇರಬಹುದು. ಪರದೆಯ ಮೇಲೆ ಕಲಿತದ್ದು ಪರದೆಯ ಮೇಲೆ ಸಿದ್ಧವಾಯಿತು. ಊಟದ ತಟ್ಟೆಯ ಬಗ್ಗೆ ಭರವಸೆಯಿಲ್ಲ. ಔಷಧದ ಚೀಟಿಯ ಮೇಲೆ ಇಷ್ಟು ಪ್ರಾಮಾಣಿಕವಾಗಿ ಬರೆಯಬಲ್ಲರಾದರೆ, ನಮ್ಮೂರ ತರಬೇತಿ ಕೇಂದ್ರಗಳ ಫಲಕದ ಮೇಲೆ ಏಕೆ ಬರೆಯಬಾರದು?

ದೊಡ್ಡ ದೋಷ ಇನ್ನೂ ಆಳದಲ್ಲಿದೆ. ಎಲ್ಲ ವಿಡಿಯೋ ಆಟಗಳನ್ನೂ ನಾನು ಒಂದೇ ಚೀಲಕ್ಕೆ ತುಂಬುತ್ತಿಲ್ಲ. ಆದರೆ ಮೊಬೈಲಿನ ಪುಕ್ಕಟೆ ಆಟಗಳ ಯಶಸ್ಸನ್ನು ಅಳೆಯುವುದು ಆಡುವವನು ಎಷ್ಟು ಹೊತ್ತು ಉಳಿದ, ಮರುದಿನ ಬಂದನೇ, ಮೂವತ್ತನೆಯ ದಿನ ಬಂದನೇ ಎಂಬ ಲೆಕ್ಕದಿಂದ. ಯಾವ ಸಲ ಬಹುಮಾನ ಸಿಗುತ್ತದೆಂದು ತಿಳಿಯದಂತೆ ಮಾಡಿದರೆ ಪಾರಿವಾಳವೂ ಕೊಕ್ಕಿನಿಂದ ಕುಟ್ಟುವುದನ್ನು ನಿಲ್ಲಿಸುವುದಿಲ್ಲವೆಂದು ಸ್ಕಿನ್ನರ್ ತೋರಿಸಿ ಮುಕ್ಕಾಲು ಶತಮಾನವೇ ಕಳೆದಿದೆ. ದಿನದ ಸರಪಳಿ, ಇನ್ನೇನು ಗೆದ್ದೆ ಎನ್ನಿಸಿ ಸೋಲಿಸುವುದು, ಮುಚ್ಚಿದ ಪೆಟ್ಟಿಗೆಯ ಉಡುಗೊರೆ ಎಲ್ಲವೂ ಅದರ ಮಕ್ಕಳು, ಮೊಮ್ಮಕ್ಕಳು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಂತ್ರಜ್ಞಾನದ ಅತಿಬಳಕೆಗೆಂದೇ 2014ರಲ್ಲಿ ಒಂದು ಚಿಕಿತ್ಸಾಲಯ ತೆರೆಯಬೇಕಾಗಿ ಬಂತು. ಆಟದ ಗೀಳನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ತನ್ನ ರೋಗಪಟ್ಟಿಯಲ್ಲಿ ಸೇರಿಸಿತು. ಈ ಯಂತ್ರವನ್ನು ಹಾಗೆಯೇ ಇಟ್ಟುಕೊಂಡು, ಅದರ ಮೇಲೆ ಕೆಂಪು ಮೀನು-ಹಸಿರು ಮೀನನ್ನು ಅಂಟಿಸಿ ‘ಸಂಯಮ’ ಎಂದು ಹೆಸರಿಡುವುದು, ಸಾರಾಯಿಯ ಸೀಸೆಗೆ ಗಂಗಾಜಲದ ಚೀಟಿ ಅಂಟಿಸಿದಂತೆ.

ಸಂಯಮ ಎಂಬುದು ವ್ಯಕ್ತಿಯೊಳಗೆ ಶೇಖರಿಸಿಟ್ಟ ದ್ರವ್ಯವಲ್ಲ ಎಂಬುದನ್ನು ನಮ್ಮ ಮಹಾಕಾವ್ಯ ಎಂದೋ ಅರಿತಿತ್ತು. ಧರ್ಮರಾಯನಿಗಿಂತ ಸಂಯಮಿ ಯಾರು? ಅವನ ನಿಗ್ರಹ ದ್ಯೂತದ ಹಾಸಿನ ಮೇಲೆ ಮಾತ್ರ ವರ್ಗವಾಗಲಿಲ್ಲ. ಸೋತದ್ದೆಲ್ಲ ಮರಳಿ ಕೈಸೇರಿದ ಮೇಲೂ ಎರಡನೆಯ ಸಲ ಕರೆದಾಗ ಹಿಂದಿರುಗಿ ಬಂದು ಕುಳಿತ. ಗೆಲ್ಲುವಂತೆ ಕಟ್ಟಿದ ಆಟದ ಎದುರು ಆಡುವವನ ಚಾರಿತ್ರ್ಯ ಸಾಲದು. ನಮ್ಮ ಕಾನೂನಿಗೂ ಇದು ಅರ್ಧ ತಿಳಿದಿದೆ. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಆಟಗಳ ಕಾಯಿದೆ ಹಣ ಪಣಕ್ಕಿಡುವ ಆಟಗಳನ್ನು ನಿಷೇಧಿಸಿತು; ಮುಂಬಯಿಯ ಡ್ರೀಮ್ 11 ಹಣದ ಸ್ಪರ್ಧೆಗಳನ್ನು ನಿಲ್ಲಿಸಿತು, ಕ್ರಿಕೆಟ್ ತಂಡದ ಅಂಗಿಯ ಮೇಲಿಂದಲೂ ಆ ಹೆಸರು ಇಳಿಯಿತು. ಅದೇ ಕಾಯಿದೆ ಹಣವಿಲ್ಲದ ಸಾಮಾಜಿಕ, ಶೈಕ್ಷಣಿಕ ಆಟಗಳಿಗೆ ಉತ್ತೇಜನ ಕೊಡುತ್ತದೆ. ಸರ್ಕಾರದ ಅನ್ನ ತಿನ್ನುವವನಾಗಿ ಕಾಯಿದೆಯ ಮೇಲೆ ಟೀಕೆ ಬರೆಯುವುದು ನನ್ನ ಉದ್ದೇಶವಲ್ಲ. ಒಂದು ಪ್ರಶ್ನೆಯನ್ನಷ್ಟೇ ಕೇಳುತ್ತೇನೆ: ಹಣವನ್ನು ಪಣಕ್ಕಿಟ್ಟರೆ ಜೂಜು, ಹೊತ್ತನ್ನು ಪಣಕ್ಕಿಟ್ಟರೆ ಶಿಕ್ಷಣವೇ? ಚೀನವು 2021ರಲ್ಲಿ ಹದಿನೆಂಟರೊಳಗಿನವರ ಆನ್‌ಲೈನ್ ಆಟವನ್ನು ಶುಕ್ರವಾರ, ವಾರಾಂತ್ಯ ಮತ್ತು ರಜಾದಿನಗಳ ರಾತ್ರಿ ಒಂದು ಗಂಟೆಗೆ ಸೀಮಿತಗೊಳಿಸಿತು. ಅದು ಬೀಗ, ನನ್ನ ತಂಗಿಯ ಕಪಾಟಿನ ಬೀಗದಂತೆಯೇ. ಬೀಗದಿಂದ ಆಟ ನಿಲ್ಲುತ್ತದೆ, ಹುಡುಗ ನಿಲ್ಲಿಸಲು ಕಲಿಯುವುದಿಲ್ಲ.

ಹಾಗಾದರೆ ನಿಲ್ಲಿಸಲು ಕಲಿಸುವ ಆಟ ಇದೆಯೇ? ಹುಡುಕಿಕೊಂಡು ಕ್ಯಾಲಿಫೋರ್ನಿಯಾಕ್ಕೆ ಹೋಗಬೇಕಾಗಿಲ್ಲ. ಅವಧಾನ ಎಂಬ ಹೆಸರನ್ನೇ ಹೊತ್ತ ಕಲೆ ನಮ್ಮಲ್ಲಿದೆ. ಅಷ್ಟಾವಧಾನದಲ್ಲಿ ‘ನಿಷೇಧಾಕ್ಷರಿ’ ಎಂಬುದೊಂದು ಅಂಗ. ಅವಧಾನಿ ಪದ್ಯದ ಒಂದಕ್ಷರ ಹೇಳುತ್ತಾನೆ. ಮುಂದೆ ಬರಲಿರುವ ಅಕ್ಷರವನ್ನು ಊಹಿಸಿದ ಪೃಚ್ಛಕ ಅದನ್ನು ನಿಷೇಧಿಸುತ್ತಾನೆ. ಬಾಯಿಗೆ ಬಂದ ಪದವನ್ನು ನುಂಗಿ, ಛಂದಸ್ಸೂ ಅರ್ಥವೂ ಕೆಡದಂತೆ ಬೇರೆ ದಾರಿ ಹಿಡಿಯಬೇಕು. ಸ್ಟ್ರೂಪ್ ಮಹಾಶಯ ಅಳೆದದ್ದೂ ಇದೇ ನಿಗ್ರಹವನ್ನು. ಇಲ್ಲಿ ಅದು ಕಾವ್ಯವಾಗುತ್ತದೆ. ನಡುನಡುವೆ ‘ಅಪ್ರಸ್ತುತ ಪ್ರಸಂಗಿ’ ಎದ್ದು ಸಂಬಂಧವಿಲ್ಲದ ಚೇಷ್ಟೆಯ ಪ್ರಶ್ನೆ ಕೇಳುತ್ತಾನೆ. ಅವನಿಗೆ ನಗುನಗುತ್ತಾ ಉತ್ತರ ಕೊಟ್ಟು, ಬಿಟ್ಟ ಅಕ್ಷರಕ್ಕೆ ಮರಳಬೇಕು. ಇಂದಿನ ಮೊಬೈಲ್ ಒಬ್ಬ ಅಪ್ರಸ್ತುತ ಪ್ರಸಂಗಿಯಲ್ಲದೆ ಮತ್ತೇನು? 2012ರ ಕೊನೆಯಲ್ಲಿ ಶತಾವಧಾನಿ ಆರ್. ಗಣೇಶರು ಬೆಂಗಳೂರಿನಲ್ಲಿ ಮೂರು ದಿನ ಸಂಪೂರ್ಣ ಕನ್ನಡದಲ್ಲಿ ಶತಾವಧಾನ ನಡೆಸಿದರು. ನಮ್ಮ ಮುಂಬಯಿಯಲ್ಲೂ ಈ ವಿದ್ಯೆ ಅಪರಿಚಿತವಲ್ಲ. 2014ರ ನವೆಂಬರಿನಲ್ಲಿ ಜೈನ ಮುನಿ ಅಜಿತಚಂದ್ರಸಾಗರರು ವರ್ಲಿಯ ಕ್ರೀಡಾಂಗಣದಲ್ಲಿ 500 ವಿಷಯಗಳನ್ನು ಕೇಳಿ ಧಾರಣೆ ಮಾಡಿ ಒಪ್ಪಿಸಿದ್ದರು.

ಇಲ್ಲಿ ನನ್ನ ಪಕ್ಷವನ್ನೇ ನಾನು ಪರೀಕ್ಷಿಸಬೇಕು. ಅವಧಾನ ಮಾಡಿದವನಿಗೆ ಕೋಪ ಬರುವುದಿಲ್ಲವೇ, ಊಟದಲ್ಲಿ ಮಿತಿ ಇರುತ್ತದೆಯೇ? ಇದಕ್ಕೆ ಉತ್ತರವೂ ಮುಂಬಯಿಯಲ್ಲೇ ಇದೆ. 1880ರ ದಶಕದಲ್ಲಿ ಇನ್ನೂ ಇಪ್ಪತ್ತು ತುಂಬದ ರಾಯಚಂದಭಾಯಿ ಧೋಬಿ ತಲಾವಿನ ಫ್ರಾಮ್‌ಜಿ ಕಾವಸ್‌ಜಿ ಸಭಾಗೃಹದಲ್ಲಿ ಶತಾವಧಾನ ಮಾಡಿ ನಗರವನ್ನು ಬೆರಗುಗೊಳಿಸಿದರು. 1891ರಲ್ಲಿ ವಿಲಾಯತಿಯಿಂದ ಮರಳಿದ ತರುಣ ಗಾಂಧಿ ತನಗೆ ಗೊತ್ತಿದ್ದ ಐರೋಪ್ಯ ಭಾಷೆಗಳ ಶಬ್ದಗಳನ್ನೆಲ್ಲ ಅವರ ಮುಂದೆ ಖಾಲಿಮಾಡಿದರು. ಕೇಳಿದ ಕ್ರಮದಲ್ಲೇ ಅವು ಮರಳಿ ಬಂದವು. ಆದರೆ ಗಾಂಧಿಯವರು ತಮ್ಮ ಆತ್ಮಕಥೆಯಲ್ಲಿ ಸ್ಪಷ್ಟವಾಗಿ ಹೇಳುತ್ತಾರೆ, ತಮ್ಮನ್ನು ಸೆಳೆದದ್ದು ಆ ಸ್ಮರಣಶಕ್ತಿಯಲ್ಲ. ಲಕ್ಷಾಂತರ ರೂಪಾಯಿಯ ವಜ್ರವ್ಯಾಪಾರದ ನಡುವೆಯೂ ಮೇಜಿನ ಮೇಲೆ ಧರ್ಮಗ್ರಂಥವೊಂದನ್ನು ಇಟ್ಟುಕೊಂಡು, ವ್ಯವಹಾರ ಮುಗಿದೊಡನೆ ಅದನ್ನು ತೆರೆಯುತ್ತಿದ್ದ ಆ ಮನುಷ್ಯನ ನಿರ್ಲಿಪ್ತತೆ. ಇನ್ನೊಂದು ಸಂಗತಿ ನನ್ನ ವಾದಕ್ಕೆ ಹೆಚ್ಚು ಮುಖ್ಯ: ಕೀರ್ತಿಯ ಶಿಖರದಲ್ಲಿದ್ದಾಗಲೇ ರಾಯಚಂದಭಾಯಿ ಅವಧಾನದ ಪ್ರದರ್ಶನಗಳನ್ನು ಬಿಟ್ಟುಬಿಟ್ಟರು. ನೂರು ವಿಷಯ ನೆನಪಿಡುವ ಆಟವನ್ನು ಬಲ್ಲವನು ಆ ಆಟವನ್ನೇ ಕೆಳಗಿಟ್ಟ. ಯಾವ ನಿಗ್ರಹಾಂಕ ಇದನ್ನು ದಾಖಲಿಸುತ್ತದೆ?

ಅವಧಾನದಿಂದ, ಲೋಕಲಿನ ಇಸ್ಪೀಟಿನಿಂದ ನಾನು ಎತ್ತಿಕೊಳ್ಳುವುದು ಕೌಶಲವನ್ನಲ್ಲ, ಏರ್ಪಾಡನ್ನು. ಎದುರಿಗೆ ಒಬ್ಬ ಮನುಷ್ಯ ಇದ್ದಾನೆ, ಅವನಿಗೂ ಮನೆಗೆ ಹೋಗಬೇಕಾಗಿದೆ, ಆಟಕ್ಕೆ ಕೊನೆಯಿದೆ. ನಮ್ಮ ಕಾರ್ಕಳದ ಮನೆಯಲ್ಲಿ ಆಟಿಯ ಮಳೆ ಹಿಡಿದಾಗ ಚೆನ್ನೆಮಣೆ ಅಟ್ಟದಿಂದ ಇಳಿಯುತ್ತಿತ್ತು. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕರಂತೆ ಕಾಯಿ. ಆಸೆಬಿದ್ದು ತುಂಬಿದ ಗುಳಿಯನ್ನು ಮೊದಲೇ ಎತ್ತಿದವರು ಸೋಲುತ್ತಿದ್ದರು, ಕಾದವರಿಗೆ ಸಿಗುತ್ತಿತ್ತು. ಆಟಿ ಕಳೆದ ಮೇಲೆ ಅಜ್ಜಿ ಅದನ್ನು ಬಟ್ಟೆಯಲ್ಲಿ ಸುತ್ತಿ ಮೇಲಿಡುತ್ತಿದ್ದರು. ಬೇಕೆಂದು ಅತ್ತರೂ ಇಳಿಸುತ್ತಿರಲಿಲ್ಲ, ಆದರೆ ಮುಂದಿನ ವರ್ಷ ತಪ್ಪದೆ ಇಳಿಸುತ್ತಿದ್ದರು. ಈ ‘ತಪ್ಪದೆ’ ಎಂಬುದು ಸಣ್ಣ ಮಾತಲ್ಲ. ಮಗುವಿನ ಮುಂದೆ ಒಂದು ಮಿಠಾಯಿ ಇಟ್ಟು, ತಿನ್ನದೆ ಕಾದರೆ ಎರಡು ಕೊಡುತ್ತೇನೆಂದ ವಾಲ್ಟರ್ ಮಿಶೆಲ್ಲರ ಸ್ಟ್ಯಾನ್‌ಫರ್ಡ್ ಪ್ರಯೋಗ ಜಗತ್ಪ್ರಸಿದ್ಧ. 2013ರಲ್ಲಿ ಸೆಲೆಸ್ಟ್ ಕಿಡ್ ಮತ್ತು ಸಂಗಡಿಗರು ಅದಕ್ಕೊಂದು ತಿರುವು ಕೊಟ್ಟರು. ಮೊದಲು ಕೊಟ್ಟ ಮಾತಿಗೆ ತಪ್ಪಿದ ಹಿರಿಯರ ಮುಂದೆ ಮಕ್ಕಳು ಕಾಯಲಿಲ್ಲ. ಮಾತು ಉಳಿಸಿಕೊಂಡವರ ಮುಂದೆ ಬಹಳ ಹೊತ್ತು ಕಾದರು. ಕಾಯುವ ಶಕ್ತಿ ಅರ್ಧಪಾಲು ಮಗುವಿನದು, ಅರ್ಧಪಾಲು ಎದುರಿಗಿರುವವರ ನಂಬಿಕೆಯದು. ಹತ್ತರಲ್ಲಿ ಒಂಬತ್ತು ಸಲ ಆಸೆ ಹುಟ್ಟಿಸಿ ವಂಚಿಸುವ ಪೆಟ್ಟಿಗೆಯ ಮುಂದೆ ಕೂತ ಹುಡುಗ ಏನನ್ನು ನಂಬಿ ಕಾಯಬೇಕು?

ಮುಂಬಯಿಯ ಕನ್ನಡಿಗರಿಗೆ ಇದು ಹೊಸ ವಿಚಾರವಲ್ಲ. ಹಗಲೆಲ್ಲ ಹೋಟೆಲಿನಲ್ಲಿ ಬಟ್ಟಲು ತೊಳೆದು ರಾತ್ರಿಶಾಲೆಯ ಬೆಂಚಿನಲ್ಲಿ ನಿದ್ದೆಯನ್ನು ತಡೆದು ಕುಳಿತ ಹುಡುಗರ ನಿಗ್ರಹಕ್ಕೆ ಪಕ್ಕದಲ್ಲೇ ತೂಕಡಿಸುತ್ತಿದ್ದ ಇನ್ನೊಬ್ಬ ಹುಡುಗ, ಕಚೇರಿ ಮುಗಿಸಿ ಪಾಠ ಹೇಳಲು ಬಂದ ಮೇಷ್ಟ್ರು ಆಧಾರವಾಗಿದ್ದರು.

ಆದ್ದರಿಂದ ಆಟಗಳನ್ನು ಕಟ್ಟುವವರಿಗೆ ನನ್ನ ಬೇಡಿಕೆ ಕಟ್ಟಬೇಡಿ ಎಂದಲ್ಲ. ಬಿಟ್ಟುಹೋದವನನ್ನು ಮರಳಿ ಕರೆಯದ ಆಟವನ್ನು ಕಟ್ಟಿ. ಇಪ್ಪತ್ತು ನಿಮಿಷಕ್ಕೆ ತಾನಾಗಿ ಮುಗಿಯುವ, ಮುಗಿದಾಗ ಸಂತೋಷದಿಂದ ಮುಗಿಯುವ ಆಟ. ಇಬ್ಬರು ಒಂದೇ ಚಾಪೆಯ ಮೇಲೆ ಕೂತು ಆಡಬೇಕಾದ ಆಟ. ಕನ್ನಡದ ನಿಷೇಧಾಕ್ಷರಿಯನ್ನು ಮಕ್ಕಳ ಮಟ್ಟಕ್ಕೆ ಇಳಿಸಿದರೆ ಎಂಥ ಸೊಗಸಾದ ಆಟವಾದೀತು! ಅದರ ಗೆಲುವನ್ನು ಒಳಗಿನ ಅಂಕಗಳಿಂದ ಅಳೆಯದೆ, ಮೂರು ತಿಂಗಳ ನಂತರ ತಾಯಿಯನ್ನೂ ಶಾಲೆಯ ಶಿಕ್ಷಕಿಯನ್ನೂ ಕೇಳಿ ಅಳೆಯಿರಿ. ಅಷ್ಟೇ ಹೊತ್ತು ಚೆನ್ನೆಮಣೆ ಆಡಿದ, ಕಬಡ್ಡಿ ಆಡಿದ ಮಕ್ಕಳೊಂದಿಗೆ ಹೋಲಿಸಿ. ಹೋಲಿಕೆಯಲ್ಲಿ ಗೆದ್ದರೆ ನಾನೇ ಮೊದಲು ಕೊಳ್ಳುತ್ತೇನೆ. ಇಂಥ ಆಟ ಲಾಭ ತರುವುದಿಲ್ಲ ಎನ್ನುವರು. ನಿಜ, ಸಾರ್ವಜನಿಕ ಹಣದ ಸಂಸ್ಥೆಗಳು ಇರುವುದೇ ಲಾಭ ತಾರದ ಕೆಲಸಕ್ಕಾಗಿ.

ಮೂವತ್ತು ವರ್ಷ ನಮೂನೆಗಳ ನಡುವೆ ಬದುಕಿದವನು ನಾನು. ನನ್ನ ಸಲಹೆಯೂ ನಮೂನೆಯ ರೂಪದಲ್ಲೇ ಬರುತ್ತದೆ. ಮಕ್ಕಳ ಆಟಗಳಿಗೆ ಸರ್ಕಾರದ ನೆರವು ಕೋರುವ ಯಾವುದೇ ಅರ್ಜಿಯಲ್ಲಿ ಆಟದ ಹೆಸರು, ಭಾಷೆ, ವೆಚ್ಚ, ವಯೋಮಿತಿಗಳ ಕೆಳಗೆ ಒಂದು ಅಂಕಣ ಸೇರಿಸಲಿ: ‘ಈ ಆಟ ಎಲ್ಲಿ ಮುಗಿಯುತ್ತದೆ?’ ಅದನ್ನು ಖಾಲಿ ಬಿಟ್ಟ ಅರ್ಜಿಯನ್ನು ಹಿಂದಕ್ಕೆ ಕಳುಹಿಸಲಿ.